ಮಡಿಕೆಗೆ ಸಿಕ್ಕ ಮೂಗು

ಫೋಟೋ ಸರಿಯಾಗಿ ಬರಲಿಲ್ಲ ಅಂತ ಜಗಳ ತೆಗೆಯುವುದು ನಮ್ಮ ಮನೆಯವರಿಗೆ ಹೊಸದಲ್ಲ, ಅಪ್ಪಯ್ಯನ ಕಾಲದಿಂದಲೂ ಇದೆ. ಬದಲಾಗಿರುವುದು ಜಗಳ ಯಾರ ಜೊತೆ ಅನ್ನುವುದಷ್ಟೆ. ಆಗ ಸಾಗರದ ಪೇಟೆಯಲ್ಲಿ ಒಂದು ಸ್ಟುಡಿಯೋ, ಅದರೊಳಗೆ ಒಬ್ಬ ಮನುಷ್ಯ ಇರುತ್ತಿದ್ದ. ಈಗ ಕಾಗದ ಯಾವುದು, ಹೊಳೆಯಬೇಕೋ ಬೇಡವೋ, ಯಾವ ಪುಟದಲ್ಲಿ ಯಾರು ಎಂದು ಫೋನಿನಲ್ಲಿ ಒತ್ತಿ ಒತ್ತಿ ನಾವೇ ತೀರ್ಮಾನಿಸುತ್ತೇವೆ. ದುಡ್ಡು ಮೊದಲೇ ಹೋಗಿರುತ್ತದೆ. ಪುಸ್ತಕ ಕೊರಿಯರಿನಲ್ಲಿ ಬರುತ್ತದೆ. ಮುಖ ಕಪ್ಪಗಿದ್ದರೆ ಬೈಯೋಣ ಅಂದರೆ ಎದುರಿಗೆ ಕೊರಿಯರ್ ಹುಡುಗ ಬಿಟ್ಟರೆ ಯಾರೂ ಇಲ್ಲ. ಅವನಿಗೂ ಇನ್ನೂ ಹತ್ತು ಮನೆ ಇರುತ್ತದೆ.

1976ರಲ್ಲಿ ನನಗೆ ಗಂಡು ಹುಡುಕಲು ಶುರು ಮಾಡಿದಾಗ ಮೊದಲು ಬೇಕಾದದ್ದು ಜಾತಕ, ಆಮೇಲೆ ಪೋಸ್ಟ್‌ಕಾರ್ಡ್ ಸೈಜಿನ ಒಂದು ಫೋಟೋ. 3 ಪ್ರತಿಗೆ 12 ರೂಪಾಯಿ. ಸ್ಟುಡಿಯೋ ಹೊಕ್ಕರೆ ಹೈಪೋ ವಾಸನೆ, ಅದರ ಹಿಂದೆಯೇ ಅಸಿಟಿಕ್ ಆಸಿಡ್ಡಿನ ಹುಳಿ ಘಾಟು. ಹಿಂದಿನ ಪರದೆಯಲ್ಲಿ ಮೆಟ್ಟಿಲು, ಕೊಳ, ಒಂದು ಹಂಸ. ಕನ್ನಡಿ ಪಕ್ಕದ ಗೂಡಿನಲ್ಲಿ ಊರವರೆಲ್ಲ ಬಾಚಿಕೊಂಡ ಒಂದೇ ಬಾಚಣಿಗೆ. ಪ್ರಿಂಟು ಕೈಗೆ ಬಂದಾಗ ಅಪ್ಪಯ್ಯ ಹೌಹಾರಿದರು. ಸ್ಟುಡಿಯೋದವನು ನೆಗೆಟಿವ್ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದಿ ತಿದ್ದಿ ನನ್ನ ಮೊಡವೆ, ಕಣ್ಣಡಿಯ ಕಪ್ಪು, ಗಲ್ಲದ ಹೊಲಿಗೆ ಕಲೆ ಎಲ್ಲವನ್ನೂ ಅಳಿಸಿಬಿಟ್ಟಿದ್ದ. "ಇದು ನಮ್ಮನೆ ಕೂಸೇ ಅಲ್ಲ ಮಾರಾಯ" ಅಂತ ಅಪ್ಪಯ್ಯ ಕೂಗಾಡಿದರೆ ಅವನು ತಣ್ಣಗೆ, "ಹೆಗಡೇರೇ, ಇದನ್ನೇ ಕಳಿಸಿ. ಗಂಡು ಬಂದ್ಮೇಲೆ ನಿಮ್ಮ ಕೂಸನ್ನ ತೋರಿಸಿ" ಅಂದ. ನಾನಂತೂ ಆ ಫೋಟೋದ ಹುಡುಗಿ ನಾನೇ ಎಂದು ನಂಬಿ ತಿಂಗಳುಗಟ್ಟಲೆ ಎದೆ ಸೆಟೆಸಿ ಓಡಾಡಿದ್ದೆ. ಗಂಡು ಬಂದರು, ಒಪ್ಪಿದರು. ತಮಗೆ ಪ್ರಿಂಟಿನಲ್ಲಿ ಮೋಸವಾಯಿತು ಎಂದು ಇವತ್ತಿಗೂ ಹೇಳುತ್ತಿರುತ್ತಾರೆ.

ಮದುವೆ 1978ರ ಮೇ ತಿಂಗಳಲ್ಲಿ, ಮನೆಯಂಗಳದ ಅಡಿಕೆ ದಬ್ಬೆಯ ಚಪ್ಪರದಲ್ಲೇ ಆಯಿತು. ಅದೇ ಸ್ಟುಡಿಯೋದವನು ಎರಡು ಕಣ್ಣಿನ ಯಾಶಿಕಾ ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಬಂದ. ಒಂದು ಸುರುಳಿಗೆ 12 ಫೋಟೋ, ಅವನಿಗೆ ಹೇಳಿದ್ದು 3 ಸುರುಳಿ. ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ ಕಪ್ಪು ಬಿಳುಪು ಸುರುಳಿ ತಯಾರು ಮಾಡುತ್ತಿತ್ತು, 'ಇಂದು' ಅಂತ ಅದರ ಹೆಸರು. ಆದರೂ ಸುರುಳಿ ಅಂದರೆ ಲೆಕ್ಕದ ವಸ್ತುವೇ. ನೆಂಟರಿಷ್ಟರು ಒಬ್ಬೊಬ್ಬರಾಗಿ ಬಂದು ನಮ್ಮ ಪಕ್ಕ ನಿಂತರೆ ಅವನು ಯಾರಿಗೂ ಇಲ್ಲ ಅನ್ನಲಿಲ್ಲ. ಫಳ್ ಅಂತ ಫ್ಲಾಶ್ ಹೊಡೆಯುತ್ತಿದ್ದ, ಎಲ್ಲರೂ ಸಂತೋಷವಾಗಿ ಪಂಕ್ತಿಗೆ ಹೋಗುತ್ತಿದ್ದರು. ಫೋಟೋ ಬಂದಾಗ ಅರ್ಧಕ್ಕರ್ಧ ನೆಂಟರೇ ಇಲ್ಲ. ಖಾಲಿ ಫ್ಲಾಶ್! ಅತ್ತೆಯ ತವರಿನವರು ಆ ವಿಷಯಕ್ಕೆ ನಮ್ಮ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ಆಲ್ಬಮ್ಮಿಗೆ 40 ರೂಪಾಯಿ ಬೇರೆ. ಕಪ್ಪು ದಪ್ಪ ಹಾಳೆ, ನಡುವೆ ಜೇಡನ ಬಲೆಯ ಚಿತ್ತಾರ ಒತ್ತಿದ ಬಟರ್ ಪೇಪರು, ಫೋಟೋದ ನಾಲ್ಕು ಮೂಲೆಗೆ ಸಿಕ್ಕಿಸುವ ಕಾರ್ನರು. ಆ ಕಾರ್ನರಿನ ಹಿಂಬದಿಯನ್ನು ನಾಲಿಗೆಯಿಂದ ನೆಕ್ಕಿ ಅಂಟಿಸಬೇಕು. 36 ಫೋಟೋಕ್ಕೆ 144 ಕಾರ್ನರು. ನಾನೂ ನಾದಿನಿಯೂ ಜಗುಲಿಯಲ್ಲಿ ಮಂದಲಿಗೆ ಹಾಸಿಕೊಂಡು ಕೂತು ಅಂಟಿಸಿದೆವು. ರಾತ್ರಿ ಊಟಕ್ಕೆ ಕೂತರೆ ಸಾರಿಗೂ ಗೋಂದಿನದೇ ರುಚಿ.

ಮಲೆನಾಡಿನ ಮಳೆಗಾಲದಲ್ಲಿ ಮರದ ಪೆಟ್ಟಿಗೆಗೇ ಬೂಷ್ಟು ಹಿಡಿಯುತ್ತದೆ, ಫೋಟೋ ಯಾವ ಲೆಕ್ಕ? ಅತ್ತೆಯವರು ಆಲ್ಬಮ್ಮನ್ನು ಹಳೆ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಟ್ರಂಕಿನ ಸಮೇತ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿಬಿಡುತ್ತಿದ್ದರು. ಆ ಹೊಗೆ ವಾಸನೆ ಇವತ್ತಿಗೂ ಅದರಿಂದ ಹೋಗಿಲ್ಲ. ಆಗಿನ ಕೆಲಸವೆಲ್ಲ ಗಟ್ಟಿ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಕಪ್ಪು ಬಿಳುಪು ಫೋಟೋ ಬಾಳಬೇಕಾದರೆ ಕೊನೆಯಲ್ಲಿ ಹೈಪೋ ಪೂರ್ತಿ ಹೋಗುವಷ್ಟು ನೀರಿನಲ್ಲಿ ತೊಳೆಯಬೇಕು. ಗಡಿಬಿಡಿಯಲ್ಲಿ ತೊಳೆದದ್ದು ಕಂದಿ, ಹಳದಿ ಕಲೆ ಬಿದ್ದು, ಮುಖವೇ ಮಾಸಿಹೋಗುತ್ತದೆ. ನಮ್ಮ ಆಲ್ಬಮ್ಮಿನಲ್ಲಿ ಲಾಜಾಹೋಮ ನಿನ್ನೆ ತೆಗೆದ ಹಾಗಿದೆ, ಕನ್ಯಾದಾನದಲ್ಲಿ ಕನ್ಯೆಯೇ ಕಾಣುವುದಿಲ್ಲ.

ಕಲರ್ ಬಂದಾಗ ನಾವು ಮೈಸೂರಿಗೆ ಬಂದಿದ್ದೆವು. ಮಗನ ಮೊದಲ ವರ್ಷದ ಹುಟ್ಟುಹಬ್ಬದ ಫೋಟೋಗಳು ಈಗ ಕುಂಕುಮದ ನೀರು ಚೆಲ್ಲಿದ ಹಾಗೆ ಕೆಂಪಗಾಗಿವೆ. ಆ ಕಾಲದ ಕಲರ್ ಕಾಗದದಲ್ಲಿ ನೀಲಿ-ಹಸಿರು ಬಣ್ಣ ಮೊದಲು ಸಾಯುತ್ತಿತ್ತು, ಕತ್ತಲೆಯಲ್ಲಿ ಮುಚ್ಚಿಟ್ಟರೂ ಸಾಯುತ್ತಿತ್ತು. ನಾನು ಉಟ್ಟಿದ್ದ ಗಿಳಿಹಸಿರು ಸೀರೆ ಯಾರೂ ನಂಬದಂಥ ಕಂದು. ಅದರ ಮೇಲೆ ಅಂಟಿನ ಹಾಳೆಯ, ಪ್ಲಾಸ್ಟಿಕ್ ಹೊದಿಕೆಯ ಆಲ್ಬಂ ಬೇರೆ ಫ್ಯಾಷನ್ನಾಗಿತ್ತು. ಇಪ್ಪತ್ತು ವರ್ಷ ಆದಮೇಲೆ ಕಿತ್ತರೆ ಫೋಟೋ ಹರಿಯಿತು, ಅಂಟು ಬಿಡಲಿಲ್ಲ. ತೊಂಬತ್ತರ ದಶಕ ನೆಮ್ಮದಿಯದು. ರಸ್ತೆಗೊಂದು ಕೋನಿಕಾ ಲ್ಯಾಬು, 4 ಗುಣಿಸು 6ರ ಪ್ರಿಂಟಿಗೆ 4 ರೂಪಾಯಿ, ಸುರುಳಿ ತೊಳೆಸಿದರೆ ಜಲಪಾತದ ಚಿತ್ರವಿರುವ ಪುಟ್ಟ ಆಲ್ಬಂ ಬಿಟ್ಟಿ. ಆ ಕೋನಿಕಾದವರೂ 2006ರಲ್ಲಿ ಫೋಟೋ ವ್ಯಾಪಾರವನ್ನೇ ಬಿಟ್ಟರು.

2008ರಲ್ಲಿ ಮಗನ ಮದುವೆಯ ಹೊತ್ತಿಗೆ ಕರಿಜ್ಮಾ ಆಲ್ಬಂ ಬಂದಿತ್ತು. ಬಿಚ್ಚಿದರೆ 12 ಗುಣಿಸು 36 ಇಂಚು. ಒಂದು ಸೂಟ್‌ಕೇಸಿನಲ್ಲಿಟ್ಟು ಕೊಟ್ಟರು. ಅದನ್ನು ಎತ್ತಲು ಇಬ್ಬರು, ಇಡಲು ಮಣೆ. ಒಂದೇ ಹಾಳೆಯಲ್ಲಿ ಸೊಸೆ ಮೂರು ಕಡೆ ನಕ್ಕಿದ್ದಳು. ನಮ್ಮ ಬೀಗರು ಎಂದೂ ಕಾಣದ ಹಿಮದ ಬೆಟ್ಟದ ಮುಂದೆ ನಿಂತಿದ್ದರು. ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಆದರೆ ಒಂದು ಒಳ್ಳೆಯ ಗುಣ ಹೇಳಬೇಕು: ಅದು ಫೋಟೋ ಕಾಗದದ ಮೇಲೇ ಬಂದದ್ದು, ದಪ್ಪ ಹಾಳೆ ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಳ್ಳುತ್ತದೆ, ನಡುವಿನ ಗೆರೆಯಲ್ಲಿ ಯಾರೂ ಕಳೆದುಹೋಗುವುದಿಲ್ಲ. ಇದರ ಬೆಲೆ ನನಗೆ ತಿಳಿದದ್ದು ಆಮೇಲೆ.

ಮನೆಯವರ ಭೀಮರಥ ಶಾಂತಿ 2022ರಲ್ಲಿ ಆಯಿತು. ಈಗ ಒಂದೇ ಒಂದು ಪ್ರತಿ ಬೇಕಾದರೂ ಪುಸ್ತಕದ ಹಾಗೇ ಛಾಪಿಸಿ ಕೊಡುತ್ತಾರೆ, ನೀನೇ ಮಾಡು ಅತ್ತೆ ಅಂತ ಸೊಸೆ ಹುರಿದುಂಬಿಸಿದಳು. ಪ್ರೆಸ್ಸಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ಅದರ ಗುಟ್ಟು ಹೇಳಿದ. ಆಫ್‌ಸೆಟ್ಟಿನಲ್ಲಿ ಪ್ಲೇಟು ಮಾಡಿಸಬೇಕು, ಸಾವಿರ ಪ್ರತಿಯಾದರೂ ಹಾಕದಿದ್ದರೆ ಗಿಟ್ಟುವುದಿಲ್ಲ. ಇಸ್ರೇಲಿನ ಬೆನ್ನಿ ಲಾಂಡಾ ಅನ್ನುವವರ ಇಂಡಿಗೋ ಯಂತ್ರ 1993ರಲ್ಲಿ ಬಂದು ಆ ಪ್ಲೇಟನ್ನೇ ತೆಗೆದುಹಾಕಿತು, 2002ರಲ್ಲಿ ಎಚ್‌ಪಿ ಕಂಪನಿ ಅದನ್ನು ಕೊಂಡಿತು. ಅಂದರೆ ನಮ್ಮಂಥ ಮನೆಮಂದಿಯೂ ಪ್ರಕಾಶಕರಾಗಬಹುದು. ನಾನು ಕನ್ನಡಕ ಏರಿಸಿ ಕೂತೆ. 40 ಪುಟಕ್ಕೆ 1,899 ರೂಪಾಯಿ, ಕೊರಿಯರ್ ಬೇರೆ.

ಪುಸ್ತಕ ಬಂತು. ರಟ್ಟು ಗಟ್ಟಿ, ವಾಸನೆ ಹೊಸ ಪಠ್ಯಪುಸ್ತಕದ್ದೇ. ಒಳಗೆ ಹೋಮದ ಫೋಟೋಗಳೆಲ್ಲ ಸಂಜೆ ಏಳರ ಕತ್ತಲೆಯಲ್ಲಿ ತೆಗೆದ ಹಾಗೆ. ಫೋನಿನ ಗಾಜು ಹಿಂದಿನಿಂದ ಬೆಳಗುತ್ತದೆ, ಕಾಗದಕ್ಕೆ ತನ್ನದೇ ಬೆಳಕಿಲ್ಲ, ಮೇಲೆ ಬಿದ್ದದ್ದನ್ನಷ್ಟೇ ವಾಪಸು ಕೊಡುತ್ತದೆ. ನವಿಲುಬಣ್ಣದ ಇಳಕಲ್ ಸೀರೆ ಸಪ್ಪೆ ನೇರಳೆಯಾಗಿತ್ತು. ನಾಲ್ಕು ಶಾಯಿ ಸೇರಿಸಿ ಆ ಬಣ್ಣ ತರಲು ಎಲ್ಲ ಯಂತ್ರಕ್ಕೂ ಆಗುವುದಿಲ್ಲವಂತೆ. ದುಬೈಯಿಂದ ಭಾವ ವಾಟ್ಸಾಪಿನಲ್ಲಿ ಕಳಿಸಿದ್ದ ಫೋಟೋಗಳು ಪುಟ ತುಂಬ ಹಿಗ್ಗಿ ಮಂಜುಮಂಜಾಗಿದ್ದವು. ಅದರಲ್ಲಿ ಬರುವ ಫೋಟೋ ಸಾಮಾನ್ಯವಾಗಿ ಉದ್ದಕ್ಕೆ ಸುಮಾರು 1,600 ಚುಕ್ಕಿಗೆ ಇಳಿದಿರುತ್ತದೆ. ಇಂಚಿಗೆ 300 ಚುಕ್ಕಿ ಬೇಕು ಅನ್ನುವ ಛಾಪಖಾನೆಯ ಲೆಕ್ಕ ಹಿಡಿದರೆ ಐದೂಕಾಲು ಇಂಚಿಗೆ ಅದರ ಆಟ ಮುಗಿಯಿತು.

ಕನ್ನಡಕ್ಕೆ ಆದ ಗತಿ ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಒತ್ತಕ್ಷರ ತಿದ್ದಿಸಿದ ಕೈ ಇದು. 'ಎಪ್ಪತ್ತರ ಅಜ್ಜ' ಅಂತ ನಾನು ಬರೆದಿದ್ದರೆ 'ಎಪ್‌ಪತ್‌ತರ ಅಜ್‌ಜ' ಅಂತ ಬಂದಿತ್ತು. ಫೋನಿನಲ್ಲಿ ಸರಿಯಾಗಿಯೇ ಇತ್ತು. ಪುಟ ಕಟ್ಟುವ ಸಾಫ್ಟ್‌ವೇರಿಗೆ ನಮ್ಮ ಲಿಪಿ ಜೋಡಿಸುವ ಬುದ್ಧಿ ಕಲಿಸಿರದಿದ್ದರೆ ಒತ್ತೆಲ್ಲ ಹೀಗೆ ಬಿಚ್ಚಿಕೊಳ್ಳುತ್ತದೆ. ಮೊಮ್ಮಗ ಅದನ್ನು ಇದ್ದ ಹಾಗೇ ಗಟ್ಟಿಯಾಗಿ ಓದಿ ಓದಿ ಅಜ್ಜನನ್ನು ರೇಗಿಸಿದ.

ಎಲ್ಲರೂ ಸೇರಿ ನಿಂತ ಗುಂಪು ಫೋಟೋವನ್ನು ಆಪು ತಾನಾಗಿಯೇ ಎದುರುಬದುರು ಎರಡು ಪುಟಕ್ಕೆ ಹರಡಿತ್ತು. ಇದು ಕರಿಜ್ಮಾ ಅಲ್ಲ. ಬೆನ್ನಿಗೆ ಬಿಸಿ ಗೋಂದು ಹಾಕಿ ಕಟ್ಟಿದ್ದು, ಎಷ್ಟು ಅಗಲಿಸಿದರೂ ನಡುವೆ ಅರ್ಧ ಇಂಚು ನುಂಗುತ್ತದೆ. ನುಂಗಿದ್ದು ಮೈದುನನ ಮೂಗನ್ನು. ಎರಡು ಕಣ್ಣು ಎರಡು ಪುಟದಲ್ಲಿ, ಮೂಗು ಮಡಿಕೆಯಲ್ಲಿ. "ಅತ್ತಿಗೆ, ನಾನು ಉಸಿರಾಡೋದು ಹ್ಯಾಗೆ?" ಅಂತ ಅವನು ಕೇಳಿದ. ಮೊದಲು ನಕ್ಕಿದ್ದನಾದರೂ ಪುಸ್ತಕ ನೆಂಟರ ಮನೆಗೆಲ್ಲ ಸುತ್ತಿ ಬಂದಮೇಲೆ ಅವನ ಮಾತಿನ ಧಾಟಿ ಬದಲಾಯಿತು.

ಕಂಪನಿಗೆ ಬರೆದೆವು. ಅವರು ಬಹಳ ಮರ್ಯಾದಸ್ಥರು. ಒಂದು ನಂಬರು ಕೊಟ್ಟರು, ದೋಷದ ಫೋಟೋ ತೆಗೆದು ಕಳಿಸಿ ಅಂದರು, ಕ್ಷಮೆ ಕೇಳಿದರು, ಹೊಸ ಪುಸ್ತಕವನ್ನೇ ಬಿಟ್ಟಿ ಕಳಿಸಿದರು. ಅದರಲ್ಲೂ ಅದೇ ಕತ್ತಲೆ, ಅದೇ ಅಜ್‌ಜ, ಅದೇ ಮಡಿಕೆಯಲ್ಲಿ ಅದೇ ಮೂಗು. ಕಡತ ಅದೇ ಆದಮೇಲೆ ಯಂತ್ರ ಬೇರೆ ಏನು ಮಾಡೀತು? ಸಾಗರದ ಸ್ಟುಡಿಯೋದವನಾಗಿದ್ದರೆ ಎದುರುತ್ತರ ಕೊಡುತ್ತಿದ್ದ, ಆದರೆ ಅದರ ನಡುವೆಯೇ ಒಮ್ಮೆ ಪ್ರಿಂಟಿನ ಕಡೆ ನೋಡುತ್ತಿದ್ದ.

ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ಮೊದಲು ಹತ್ತಿರದ ಲ್ಯಾಬಿನಲ್ಲಿ ಒಂದೇ ಪುಟ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ, 60 ರೂಪಾಯಿ ಹೋದರೆ ಹೋಗಲಿ. ಫೋನಿನ ಬೆಳಕನ್ನು ಅರ್ಧಕ್ಕೆ ಇಳಿಸಿ ಮುಖ ನೋಡಿ. ಕನ್ನಡದ ಸಾಲನ್ನು ಚಿತ್ರವಾಗಿಯೇ ಸೇರಿಸಿ. ಮನುಷ್ಯರನ್ನು ನಡುಮಡಿಕೆಯಿಂದ ದೂರ ಇಡಿ, ಅಂಚಿನಿಂದಲೂ ದೂರ ಇಡಿ. ಕತ್ತರಿಸುವಾಗ ಮೂರು ಮಿಲಿಮೀಟರ್ ಹೋಗಿಯೇ ಹೋಗುತ್ತದೆ, ಎತ್ತರದವರ ತಲೆಗೂದಲು ಸಮೇತ.

ಎರಡು ಪ್ರತಿಯಲ್ಲಿ ಒಂದು ನಮ್ಮ ಮನೆಯ ಗಾಡ್ರೆಜ್ ಬೀರುವಿನಲ್ಲಿದೆ, ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ತೇವ ಹೀರುವ ಪೊಟ್ಟಣಗಳ ಜೊತೆ. ನುಸಿಗುಳಿಗೆ ತರುವ ಕೆಲಸ ತಪ್ಪಿತು. ಇನ್ನೊಂದರ ಗೋಂದು ಕಳೆದ ಬೇಸಿಗೆಯಲ್ಲೇ ಬಿರುಕು ಬಿಟ್ಟು ಹಾಳೆ ಉದುರಲು ಶುರುವಾಯಿತು. ಶಾಲೆಯ ರಿಜಿಸ್ಟರುಗಳಿಗೆ ಬೈಂಡ್ ಹಾಕಿಕೊಡುತ್ತಿದ್ದ ಹಳೇ ಪರಿಚಯದವರ ಹತ್ತಿರ ಒಯ್ದೆ. ಅವರು ಬೆನ್ನು ಸವರಿ ನೋಡಿ 250 ರೂಪಾಯಿ ಹೇಳಿದರು.

"ದಾರದಲ್ಲಿ ಹೊಲಿದುಕೊಡ್ತೀನಿ ಟೀಚರೇ, ಇನ್ನು ಬಿಡಲ್ಲ. ಆದ್ರೆ ಹೊಲಿಗೆಗೆ ಇನ್ನೊಂದು ಕಾಲಿಂಚು ಒಳಕ್ಕೆ ಹೋಗುತ್ತೆ, ಪರವಾಗಿಲ್ವಾ?"

"ಹೋಗಲಿ ಬಿಡಿ," ಅಂದೆ. "ಈ ಪ್ರತಿ ಮೈದುನನ ಮನೆಗೆ ಹೋಗಲ್ಲ."