ಮಿದುಳಿನ ದೂತರು

ಚಿಕ್ಕಂದಿನಲ್ಲಿ ಕಂಠಪಾಠ ಮಾಡಿದ ಮಗ್ಗಿಯು ಇಷ್ಟು ವರ್ಷಗಳ ಮೇಲೆಯೂ ಕರೆದೊಡನೆ ನಾಲಿಗೆಗೆ ಬರುವುದನ್ನು ನಾವೆಲ್ಲರೂ ಬಲ್ಲೆವು. ಅದು ಹೇಗೆಂದು ವಿಚಾರಿಸಿದವರು ವಿರಳ. ಮಿದುಳಿನ ಜೀವಕಣಗಳ ನಡುವೆ ಬಹುಮಟ್ಟಿಗೆ ಅತಿಸೂಕ್ಷ್ಮವಾದ ತೆರಪು ಇರುತ್ತದೆ. ಒಂದು ಕಣವು ಸೂಸುವ ರಾಸಾಯನಿಕ ವಸ್ತುವು ಆ ತೆರಪನ್ನು ದಾಟಿ ನೆರೆಯ ಕಣಕ್ಕೆ ಸುದ್ದಿಯನ್ನು ಮುಟ್ಟಿಸುತ್ತದೆ.

ಈ ದೂತರಲ್ಲಿ ಇಬ್ಬರು ಮುಖ್ಯರು. ಗ್ಲುಟಮೇಟ್ ಎಂಬುದು ಕಣವನ್ನು ಪ್ರಚೋದಿಸುವುದು. ಗಾಬಾ ಎಂಬುದು ತಡೆಯುವುದು. ಒಂದೇ ಹಾದಿಯಲ್ಲಿ ಪ್ರಚೋದನೆಯು ಒತ್ತೊತ್ತಾಗಿ ಹರಿದರೆ ಆ ಕಣಗಳ ಸಂಬಂಧವು ಬಲಗೊಳ್ಳುವುದೆಂದು ಬ್ಲಿಸ್ ಮತ್ತು ಲೋಮೋ ಎಂಬ ವಿಜ್ಞಾನಿಗಳು 1973ರಲ್ಲಿ ಮೊಲದ ಮಿದುಳಿನಲ್ಲಿ ತೋರಿಸಿಕೊಟ್ಟರು. ನೆನಪು ನೆಲೆಗೊಳ್ಳುವುದು ಇಂತಹ ಮಾರ್ಪಾಟಿನಿಂದಲೇ ಎಂದು ಪಂಡಿತರು ಭಾವಿಸುತ್ತಾರೆ. ಆದರೆ ಪ್ರಚೋದನೆಯು ಮಿತಿಮೀರಿ ತಡೆಯು ಸಾಲದೆ ಹೋದಾಗ ಅಸಂಖ್ಯ ಕಣಗಳು ಒಮ್ಮೆಲೇ ಕೆರಳುವುವು. ಜನರು ಮೂರ್ಛೆರೋಗವೆನ್ನುವ ಅಪಸ್ಮಾರದ ಸೆಳವು ಹೀಗೆ ಹುಟ್ಟುವುದು. ಅದು ದೆವ್ವದ ಕಾಟವಲ್ಲ, ದೈವಕೋಪವಲ್ಲ, ಅಂಟುವ ಬೇನೆಯೂ ಅಲ್ಲ.

ಮಿದುಳಿನ ಒಂದೇ ಭಾಗವು ಸೆಳವಿಗೂ ನೆನಪಿಗೂ ನೆಲೆಯಾಗಬಲ್ಲುದೆಂಬುದು ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಬಾಳಿನಿಂದ ಲೋಕಕ್ಕೆ ತಿಳಿಯಿತು. ಸೆಳವನ್ನು ನಿಲ್ಲಿಸಲೆಂದು ಶಸ್ತ್ರವೈದ್ಯರು 1953ರಲ್ಲಿ ಅವನ ಮಿದುಳಿನ ಎರಡು ಪಾರ್ಶ್ವಗಳಲ್ಲಿಯೂ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಬಹಳಷ್ಟು ತೆಗೆದುಬಿಟ್ಟರು. ಸೆಳವು ತಗ್ಗಿತು; ಆದರೆ 2008ರಲ್ಲಿ ಮೃತನಾಗುವವರೆಗೂ ಹೊಸದಾಗಿ ಕಂಡ ಮುಖಗಳು, ಹೊಸದಾಗಿ ನಡೆದ ಸಂಗತಿಗಳು ಅವನ ನೆನಪಿನಲ್ಲಿ ನಿಲ್ಲದಾದುವು.

ನಮ್ಮ ತರಗತಿಯಲ್ಲಿ ಗಣಿತಕ್ಕೆ ಎಲ್ಲರಿಗಿಂತ ಮುಂದಿದ್ದ ಗೆಳತಿಯೊಬ್ಬಳು ಒಂದು ದಿನ ಸೆಳವು ಬಂದು ಬಿದ್ದಳು. ನೆರೆದವರು ಅವಳ ಕೈಯಲ್ಲಿ ಬೀಗದ ಕೈಗಳ ಗೊಂಚಲನ್ನು ತುರುಕಿದರು. ಮರುವಾರದಿಂದ ಅವಳ ಸ್ಥಳವು ಬರಿದಾಯಿತು. ಮದುವೆಗೆ ಅಡ್ಡಿಯಾದೀತೆಂದು ಮನೆಯವರು ರೋಗವನ್ನು ಮುಚ್ಚಿಟ್ಟುದರಿಂದ ಔಷಧವೂ ತಡವಾಯಿತು. ಅವಳ ಬುದ್ಧಿಗೆ ಕುಂದೇನೂ ಇರಲಿಲ್ಲ; ಓದು ಮಾತ್ರ ಅಲ್ಲಿಗೇ ನಿಂತಿತು.

ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿಯೆಂದು ಎಣಿಸಿದ್ದ ಮಾತನ್ನು 1999ರಲ್ಲಿ ತೆಗೆದುಹಾಕಲಾಗಿದೆ. ತಕ್ಕ ಔಷಧವನ್ನು ತಪ್ಪದೆ ಸೇವಿಸಿದರೆ ಹತ್ತರಲ್ಲಿ ಏಳು ಮಂದಿಯವರೆಗೆ ಸೆಳವಿಲ್ಲದೆ ಬಾಳಬಲ್ಲರು. 1912ರಿಂದ ಬಳಕೆಗೆ ಬಂದ ಫಿನೊಬಾರ್ಬಿಟೋನ್ ಎಂಬ ಮದ್ದು ಗಾಬಾದ ತಡೆಯನ್ನೇ ಬಲಪಡಿಸುವುದು. ವೈದ್ಯರನ್ನು ಕೇಳದೆ ಇಂತಹ ಔಷಧವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕರ.

ಆದಕಾರಣ, ಪ್ರಿಯ ಸೋದರಿಯರೇ, ತಾಯಿತಂದೆಗಳೇ, ಸೆಳವು ಬಂದವಳನ್ನು ಮಗ್ಗುಲಿಗೆ ಹೊರಳಿಸಿರಿ. ಬಾಯಿಗೆ ಏನನ್ನೂ ಹಾಕದಿರಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಚೇತರಿಸಿಕೊಂಡ ಮೇಲೆ ಅವಳನ್ನು ಮರಳಿ ಶಾಲೆಗೆ ಕಳುಹಿಸಿರಿ.