ಪಾಬಳದ ಕಾರ್ಯಶಾಲೆ

ರಾಜಗುರುನಗರವನ್ನು ದಾಟಿ ಪೂರ್ವಕ್ಕೆ ತಿರುಗಿದೊಡನೆ ಹಸುರು ಹಿಂದುಳಿಯಿತು. ಸಹ್ಯಾದ್ರಿಯ ಮರೆಯಲ್ಲಿರುವ ಈ ಸೀಮೆಗೆ ಮೋಡಗಳು ಬರಿಗೈಯಲ್ಲಿಯೇ ಬರುವುವು. ಪುಣೆ ಜಿಲ್ಲೆಯ ಪಾಬಳವೆಂಬ ಈ ಹಳ್ಳಿಗೆ ನಾವು ಹೋದುದು ದೇವದರ್ಶನಕ್ಕಲ್ಲ. ನಮ್ಮ ತಮ್ಮನ ಮಗನು ಹತ್ತನೆಯ ತರಗತಿಯಲ್ಲಿ ಎರಡು ಸಲ ತಪ್ಪಿ, ಯಾರೊಡನೆಯೂ ಮಾತಿಲ್ಲದೆ ಮನೆಯಲ್ಲಿ ಕುಳಿತಿದ್ದನು. ತಂದೆಗೆ ಕೋಪ, ತಾಯಿಗೆ ಕಣ್ಣೀರು. ಕೈಕೆಲಸದಲ್ಲಿ ಅವನಿಗೆ ಆಸಕ್ತಿಯುಂಟೆಂದು ಬಲ್ಲ ನಾವು ಅವನನ್ನು ಕರೆದುಕೊಂಡು ಹೊರಟೆವು. ನಮ್ಮ ತಾಯಿಯವರು, "ಇದನ್ನೂ ತೋರಿಸಿಕೊಂಡು ಬನ್ನಿರಪ್ಪ" ಎಂದು ತಮ್ಮ ಹಳೆಯ ರೇಡಿಯೋವನ್ನು ಚೀಲಕ್ಕೆ ಹಾಕಿದರು. ಅದರ ತಿರುಗುಗುಂಡಿ ಒಡೆದುಹೋಗಿ, ಅವರು ಬಹುದಿನಗಳಿಂದ ಇಕ್ಕಳದಿಂದ ತಿರುಗಿಸುತ್ತಿದ್ದರು.

ಪಾಬಳದ ವಿಜ್ಞಾನಾಶ್ರಮವನ್ನು 1983ರಲ್ಲಿ ಸ್ಥಾಪಿಸಿದವರು ಡಾಕ್ಟರ್ ಶ್ರೀನಾಥ ಕಲಬಾಗರು. ದೊಡ್ಡ ಉದ್ಯೋಗವನ್ನು ಬಿಟ್ಟುಬಂದ ಆ ವಿಜ್ಞಾನಿಗಳು, ಕೈಯಿಂದ ಮಾಡಿ ಕಲಿತುದೇ ವಿದ್ಯೆಯೆಂದು ನಂಬಿದ್ದರು. 2002ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ನೀಲ್ ಗರ್ಶನ್‌ಫೆಲ್ಡ್ ಎಂಬ ಪ್ರಾಧ್ಯಾಪಕರ ಸಹಯೋಗದಿಂದ ಇಲ್ಲಿ 'ಫ್ಯಾಬ್ ಲ್ಯಾಬ್' ಏರ್ಪಟ್ಟಿತು. ಅಮೆರಿಕದ ಹೊರಗೆ ಇಂತಹವುಗಳಲ್ಲಿ ಇದೇ ಮೊದಲನೆಯದೆಂದು ಹೆಸರು. ಮರುವರ್ಷವೇ ಕಲಬಾಗರು ತೀರಿಕೊಂಡರು.

ಒಳಗೆ ಮೊದಲು ಕಂಡುದು ಬೆಳಕಿನಿಂದ ಕೊಯ್ಯುವ ಲೇಸರ್ ಯಂತ್ರ. ಗಣಕದಲ್ಲಿ ಬರೆದ ಚಿತ್ರದ ಗೆರೆಯನ್ನು ಹಿಡಿದು ಅದು ಪ್ಲೈವುಡ್ಡನ್ನು ಬೆಣ್ಣೆಯಂತೆ ಕತ್ತರಿಸುವುದು. ಆದರೆ ಪಿ.ವಿ.ಸಿ. ಹಾಳೆಯನ್ನು ಅದರಲ್ಲಿಡಲಾಗದು, ಸುಟ್ಟರೆ ಆಮ್ಲದ ವಿಷಗಾಳಿ ಹೊರಡುವುದು. ಯಂತ್ರವು ನಡೆಯುತ್ತಿರುವಾಗ ಬಿಟ್ಟುಹೋಗಲೂ ಆಗದು, ಬೆಂಕಿಯ ಭಯ. ಹಾಲು ಕಾಯಿಸುವ ಗೃಹಿಣಿಯರಿಗೆ ಈ ನಿಯಮವನ್ನು ವಿವರಿಸಬೇಕಾಗಿಲ್ಲ. ಬೆಸುಗೆಯ ಮೇಜು, ತಾಮ್ರದ ಹಲಗೆಯಲ್ಲಿ ವಿದ್ಯುತ್ತಿನ ಹಾದಿಯನ್ನು ಕೆತ್ತುವ ಪುಟ್ಟ ಯಂತ್ರ, ಇವುಗಳನ್ನೂ ನೋಡಿದೆವು.

ಹುಡುಗನು ನಿಂತುಬಿಟ್ಟುದು ತ್ರೀಡಿ ಪ್ರಿಂಟರಿನ ಮುಂದೆ. ಚಕ್ಕುಲಿ ಒತ್ತುವುದನ್ನು ಕಂಡವರಿಗೆ ಇದರ ಮರ್ಮ ತಿಳಿಯುವುದು. ಒಂದೂಮುಕ್ಕಾಲು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ದಾರವು ಸುಮಾರು 200 ಡಿಗ್ರಿ ಶಾಖದಲ್ಲಿ ಕರಗಿ, ಸಣ್ಣ ಮೂತಿಯಿಂದಿಳಿದು, ಪದರದ ಮೇಲೆ ಪದರವಾಗಿ ಗೆದ್ದಲು ಹುತ್ತ ಕಟ್ಟುವಂತೆ ವಸ್ತುವನ್ನು ಕಟ್ಟುವುದು. ಒಂದು ಪದರದ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಐದನೆಯ ಒಂದು ಪಾಲು. ಆದುದರಿಂದ ಕೆಲಸ ಬಹು ನಿಧಾನ. ನಮಗಂತೂ ಬೇಸರವೇ ಬಂದಿತು.

ಅಲ್ಲಿದ್ದ ತರುಣರೊಬ್ಬರು ರೇಡಿಯೋವನ್ನು ನೋಡಿ, ಮಾಡಿಕೊಡುತ್ತೇನೆನ್ನಲಿಲ್ಲ. ಅಳತೆಯ ಉಪಕರಣವನ್ನು ಹುಡುಗನ ಕೈಗಿತ್ತರು. ಅವನು ಅಚ್ಚಿನ ಕಡ್ಡಿಯನ್ನು ಅಳೆದನು: ಸರಿಯಾಗಿ ಆರು ಮಿಲಿಮೀಟರ್. ಗಣಕದಲ್ಲಿ ಅಷ್ಟೇ ಅಗಲದ ತೂತಿನ ಗುಂಡಿಯನ್ನು ಬರೆದನು. ಮುಕ್ಕಾಲು ಗಂಟೆಯ ಮೇಲೆ ಗುಂಡಿ ಸಿದ್ಧವಾಯಿತು, ಕಡ್ಡಿಗೆ ಕೂರಲಿಲ್ಲ. ಅವನ ಮುಖವು ಪರೀಕ್ಷೆಯ ಫಲಿತಾಂಶದ ದಿನದಂತೆಯೇ ಆಯಿತು. ತರುಣರು ನಕ್ಕು, "ಕರಗಿದ್ದು ಆರುವಾಗ ತೂತು ಕಿರಿದಾಗುತ್ತದೆ. ಎಷ್ಟು ಕಿರಿದಾಯಿತು, ಅಳೆದು ನೋಡು" ಎಂದು ತಮ್ಮ ಕೆಲಸಕ್ಕೆ ಹೋದರು. ತಪ್ಪಿದವನನ್ನು ಬಯ್ಯದೆ ಅಳೆಯಲು ಹೇಳುವ ಗುರುಗಳು ನಮಗೆ ದೊರೆತಿರಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ನಾವು ಎಚ್ಚರಿಸಿದೆವು. "ಇನ್ನೊಂದು ಸಲ ನೋಡುತ್ತೇನೆ, ದೊಡ್ಡಪ್ಪ, ಬಸ್ಸು ಹೋದರೆ ಹೋಗಲಿ" ಎಂದನು. ದಾರಿಯುದ್ದಕ್ಕೂ ಅವನಾಡಿದ ಮಾತುಗಳನ್ನೆಲ್ಲ ಕೂಡಿದರೂ ಇಷ್ಟಾಗಿರಲಿಲ್ಲ.

ಅವನು ತೂತನ್ನು ಕೂದಲೆಳೆಯಷ್ಟು ಹಿಗ್ಗಿಸಿ ಬರೆಯುತ್ತಿದ್ದಾಗ ನಾವು ಆಶ್ರಮದ ಒಂದು ವರ್ಷದ ವಸತಿ ಶಿಕ್ಷಣದ ವಿಚಾರವನ್ನು ಕೇಳಿಕೊಂಡೆವು. ಶಾಲೆ ಬಿಟ್ಟವರಿಗೂ ಅಲ್ಲಿ ಸ್ಥಳವುಂಟು. ಬೆಸುಗೆ, ಬೇಸಾಯ, ಅಡುಗೆ, ವಿದ್ಯುತ್ತು, ಎಲ್ಲವನ್ನೂ ಕಲಿಯಬೇಕು. ತಮ್ಮನನ್ನು ಒಪ್ಪಿಸುವುದು ಹೇಗೆಂದು ಯೋಚಿಸುತ್ತಿರುವಾಗಲೇ ಒಳಗಿನಿಂದ ಗೊರಗೊರ ಸದ್ದು ಕೇಳಿತು. ಹಿಂದೆಯೇ ಮರಾಠಿಯಲ್ಲಿ ಯಾರೋ ಈರುಳ್ಳಿಯ ಧಾರಣೆಯನ್ನು ಓದತೊಡಗಿದರು.