ಬೆಳಕು ಕಾಣದ ಕಣ್ಣಿನ ಅಲೆಗಳು

ಪ್ರಯೋಗಾಲಯದ ಇಲಿಮರಿ ಕಣ್ಣು ಬಿಡಲು ಹುಟ್ಟಿದ ಮೇಲೆ ಹೆಚ್ಚುಕಡಿಮೆ ಎರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ರೆಪ್ಪೆ ಅಂಟಿಕೊಂಡಿರುತ್ತದೆ. ಮೊದಲ ವಾರವಂತೂ ಬೆಳಕನ್ನು ಹಿಡಿಯುವ ದಂಡಕೋಶ, ಶಂಕುಕೋಶಗಳು ಅದಕ್ಕೆ ಉತ್ತರ ಕೊಡುವಷ್ಟು ಬಲಿತೇ ಇರುವುದಿಲ್ಲ. ಆದರೂ ಆ ಕಣ್ಣಿನಿಂದ ಮಿದುಳಿಗೆ ನಿಮಿಷಕ್ಕೊಮ್ಮೆ ಎಂಬಂತೆ ಸುದ್ದಿ ಹೋಗುತ್ತಲೇ ಇರುತ್ತದೆ. ಏನನ್ನೂ ನೋಡದ ಕಣ್ಣು ಹೇಳುವುದಾದರೂ ಏನನ್ನು? ಈ ಪ್ರಶ್ನೆ ತಲೆಗೆ ಹೊಕ್ಕಾಗಿನಿಂದ ಸಿಕ್ಕಿದ್ದನ್ನೆಲ್ಲ ಓದಿ ಬರೆದಿಟ್ಟುಕೊಳ್ಳುತ್ತಿದ್ದೇನೆ.

(ಹುಟ್ಟಿನಿಂದಲೇ ಬೆಳಕಿಗೆ ಮಿಡಿಯುವ ಒಂದು ಜಾತಿಯ ಗ್ಯಾಂಗ್ಲಿಯನ್ ಕೋಶ, ಎಂದರೆ ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ಕೋಶ, ಇಲಿಯಲ್ಲಿ ಇದೆ ಎಂಬುದೂ ನಿಜ. ಅದಕ್ಕೆ ಹಗಲು-ರಾತ್ರಿ ಗೊತ್ತಾಗಬಹುದು. ಚಿತ್ರ ಕಟ್ಟಿಕೊಡುವುದು ಅದರ ಕೆಲಸವಲ್ಲ.)

*

1988ರಲ್ಲಿ ಎರಡು ಕೆಲಸಗಳು ಹೊರಬಂದವು. ಇಟಲಿಯ ಗಾಲಿ ಮತ್ತು ಮಾಫೇ ಇನ್ನೂ ಹುಟ್ಟದ ಇಲಿಯ ಅಕ್ಷಿಪಟಲದಲ್ಲಿ ನರಕೋಶಗಳು ತಾವಾಗಿಯೇ ಮಿಡಿಯುವುದನ್ನು ದಾಖಲಿಸಿದರು. ಅಮೆರಿಕದಲ್ಲಿ ಕಾರ್ಲಾ ಶಾಟ್ಸ್ ಮತ್ತು ಮೈಕೆಲ್ ಸ್ಟ್ರೈಕರ್ ಬೆಕ್ಕಿನ ಭ್ರೂಣದ ಮಿದುಳಿಗೆ ಪಫರ್ ಮೀನಿನ ವಿಷವಾದ ಟೆಟ್ರೋಡೋಟಾಕ್ಸಿನ್ ಸೇರಿಸಿದರು. ಅದು ನರಕೋಶದ ಪೊರೆಯಲ್ಲಿನ ದ್ವಾರವಾದ ಸೋಡಿಯಂ ಚಾನೆಲ್‌ನ ಬಾಯಿ ಮುಚ್ಚಿಬಿಡುತ್ತದೆ. ನರಕೋಶದ ಮಿಡಿತ ನಿಲ್ಲುತ್ತದೆ. ಎಡಗಣ್ಣಿನ ಮತ್ತು ಬಲಗಣ್ಣಿನ ತಂತುಗಳು ಮಿದುಳಿನೊಳಗಿನ ನಡುದಾರಿಯ ನಿಲ್ದಾಣದಲ್ಲಿ ಬೇರೆ ಬೇರೆ ಪದರಗಳಾಗಿ ವಿಂಗಡವಾಗಬೇಕಿತ್ತು. ಆಗಲಿಲ್ಲ, ಕಲಸಿಕೊಂಡೇ ಉಳಿದವು.

ಎಂದರೆ ಆ ಕತ್ತಲೆಯ ಮಿಡಿತ ಬೆಳವಣಿಗೆಯ ಜೊತೆಗೆ ಸುಮ್ಮನೆ ಬರುವ ಸದ್ದಲ್ಲ. ಅದಿಲ್ಲದಿದ್ದರೆ ಮನೆ ಕಟ್ಟುವ ಕೆಲಸವೇ ನಿಂತುಹೋಗುತ್ತದೆ.

*

1991. ಮಾರ್ಕಸ್ ಮೈಸ್ಟರ್, ರೇಚಲ್ ವಾಂಗ್, ಡೆನಿಸ್ ಬೇಲರ್, ಕಾರ್ಲಾ ಶಾಟ್ಸ್. ಫೆರೆಟ್ ಎಂಬ ಉದ್ದ ಮೈಯ ಪುಟ್ಟ ಪ್ರಾಣಿಯ ಮರಿ ಸುಮಾರು ಒಂದು ತಿಂಗಳು ಕಣ್ಣು ಮುಚ್ಚಿಕೊಂಡೇ ಇರುತ್ತದೆ. ಅದರ ಅಕ್ಷಿಪಟಲವನ್ನು ಬಿಡಿಸಿ 61 ಎಲೆಕ್ಟ್ರೋಡುಗಳ ಒಂದು ಪುಟ್ಟ ಹಾಸಿನ ಮೇಲೆ ಇಟ್ಟು ಅವರು ಕಿವಿಗೊಟ್ಟರು. ಕೋಶಗಳು ಒಂದೊಂದಾಗಿ ಮನಬಂದಂತೆ ಮಿಡಿಯುತ್ತಿರಲಿಲ್ಲ. ಅಕ್ಕಪಕ್ಕದವು ಒಟ್ಟಿಗೆ ಮಿಡಿಯುತ್ತಿದ್ದವು. ಆ ಮಿಡಿತ ಸೆಕೆಂಡಿಗೆ ಸುಮಾರು 100 ಮೈಕ್ರಾನ್ ವೇಗದಲ್ಲಿ ಅಲೆಯಾಗಿ ಸರಿಯುತ್ತಿತ್ತು. ಆಮೇಲೆ ಒಂದೆರಡು ನಿಮಿಷ ಏನೂ ಇಲ್ಲ. ಮತ್ತೆ ಇನ್ನೆಲ್ಲಿಂದಲೋ ಇನ್ನೊಂದು ಅಲೆ.

ಒಂದು ಮಿಲಿಮೀಟರ್ ದಾಟಲು ಹತ್ತು ಸೆಕೆಂಡು! ನರಮಂಡಲದಲ್ಲಿ ಎಲ್ಲವೂ ಮಿಂಚಿನ ವೇಗದಲ್ಲಿ ನಡೆಯುತ್ತದೆಂದು ಓದಿಕೊಂಡು ಬಂದವನಿಗೆ ಇದು ನಂಬಲಾಗದಷ್ಟು ನಿಧಾನ. ಆದರೆ ಆ ನಿಧಾನದಲ್ಲೇ ಪಾಠವಿದೆ ಅನ್ನಿಸುತ್ತದೆ. ಒಟ್ಟಿಗೆ ಮಿಡಿದವರು ನೆರೆಯವರು, ಹೊತ್ತು ತಪ್ಪಿ ಮಿಡಿದವರು ದೂರದವರು. ಎರಡು ಕಣ್ಣುಗಳ ಅಲೆಗಳು ಒಂದೇ ಗಳಿಗೆಗೆ ಕೂಡಿಬರುವುದು ಅಪರೂಪ, ಹಾಗಾಗಿ ಹೊಂದದ ಮಿಡಿತಗಳು ಬೇರೆ ಬೇರೆ ಕಣ್ಣಿನವು. ಇಷ್ಟು ತಿಳಿದರೆ ಮಿದುಳಿಗೆ ನಕ್ಷೆ ತಿದ್ದಿಕೊಳ್ಳಲು ಸಾಕು. ಲೋಕವನ್ನು ಒಮ್ಮೆಯೂ ಕಾಣದೆ ಲೋಕದ ನಕ್ಷೆ ಸಿದ್ಧವಾಗುತ್ತದೆ.

*

ಇಂಥ ಅಲೆಯ ಒಂದು ವಿಡಿಯೊ ನೋಡಿದೆ. ಕ್ಯಾಲ್ಸಿಯಂ ಹೆಚ್ಚಾದರೆ ಹೊಳೆಯುವ ಬಣ್ಣವನ್ನು ಕೋಶಗಳಿಗೆ ತುಂಬಿರುತ್ತಾರೆ. ಮೊದಲು ಕಾಣುವುದು ಬೂದು ಬಣ್ಣದ, ಮರಳು ಮರಳಾದ ಪರದೆ ಮಾತ್ರ. ಏನೂ ನಡೆಯುತ್ತಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಒಂದು ಮೂಲೆಯಲ್ಲಿ ಮಬ್ಬು ಕಲೆ ಏಳುತ್ತದೆ. ಅಂಚು ಹಿಗ್ಗುತ್ತಾ ಒಂದು ಕಡೆಗೆ ವಾಲುತ್ತದೆ, ಹಿಂದಿನ ಭಾಗ ಆರುತ್ತಾ ಬರುತ್ತದೆ. ಎದುರಿಗೆ ಯಾವ ಅಡ್ಡಿಯೂ ಕಾಣದ ಒಂದು ಜಾಗದಲ್ಲಿ ಅದು ಥಟ್ಟನೆ ನಿಂತುಬಿಡುತ್ತದೆ.

ಅಲ್ಲೇ ಯಾಕೆ ನಿಂತಿತು? ಹಿಂದಕ್ಕೆ ಸರಿಸಿ ಮತ್ತೆ ನೋಡಿದೆ. ಸ್ವಲ್ಪ ಹೊತ್ತಿನ ಹಿಂದೆ ಬೇರೊಂದು ಅಲೆ ಹಾದುಹೋಗಿದ್ದ ಪ್ರದೇಶದ ಅಂಚು ಅದು.

*

ಅಲೆ ಎಬ್ಬಿಸುವವರು ಯಾರು ಎಂಬುದರ ಹಿಂದೆ ಬಿದ್ದವರಲ್ಲಿ ಮಾರ್ಲಾ ಫೆಲ್ಲರ್ ಮುಖ್ಯರು. ಬರ್ಕ್ಲಿಯಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಶಾಟ್ಸ್ ಅವರ ಪ್ರಯೋಗಾಲಯಕ್ಕೆ ಬಂದವರು. ಅಲೆ ಹರಡಲು, ನರಕೋಶಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕವಾದ ಅಸಿಟೈಲ್‌ಕೋಲಿನ್ ಬೇಕೇಬೇಕು ಎಂದು ಅವರೂ ಸಂಗಡಿಗರೂ 1996ರಲ್ಲಿ ತೋರಿಸಿದರು. ಅಕ್ಷಿಪಟಲದಲ್ಲಿ ಅದನ್ನು ಸುರಿಸುವುದು ಸ್ಟಾರ್‌ಬರ್ಸ್ಟ್ ಅಮಾಕ್ರಿನ್ ಎಂಬ ಕೋಶ. ಸುತ್ತ ಎಲ್ಲ ದಿಕ್ಕಿಗೂ ಕೊಂಬೆ ಚಾಚಿದ ದುಂಡನೆಯ ಕೋಶ. ಮುಂದೆ ಜಿಮ್ಮಿ ಝೌ ಅವರ ತಂಡ ಮೊಲದ ಮರಿಗಳ ಅಕ್ಷಿಪಟಲದಲ್ಲಿ, ಈ ಕೋಶಗಳು ಯಾರ ಪ್ರಚೋದನೆಯೂ ಇಲ್ಲದೆ ತಾವಾಗಿ ಸಿಡಿಯಬಲ್ಲವು ಎಂದು 2006ರಲ್ಲಿ ವಿವರವಾಗಿ ವರದಿ ಮಾಡಿತು.

ಅಂಥ ಒಂದು ಕೋಶದ ವೋಲ್ಟೇಜ್ ರೇಖೆಯನ್ನು ನಿಧಾನವಾಗಿ ಓದಿದೆ. ಗೆರೆ ಮೊದಲು ಸಮತಟ್ಟಾಗಿರುತ್ತದೆ. ಕ್ಯಾಲ್ಸಿಯಂ ಚಾನೆಲ್‌ಗಳು ತೆರೆದಾಗ ಅದು ಮೇಲೇರುತ್ತದೆ. ಆಗ ಕೋಶ ಅಸಿಟೈಲ್‌ಕೋಲಿನ್ ಚೆಲ್ಲಿ ಪಕ್ಕದವನ್ನು ಎಬ್ಬಿಸುತ್ತದೆ. ಆದರೆ ಒಳಗೆ ಬಂದ ಅದೇ ಕ್ಯಾಲ್ಸಿಯಂ ಇನ್ನೊಂದು ಕೆಲಸವನ್ನೂ ಹೂಡುತ್ತದೆ: ನಿಧಾನದ ಪೊಟ್ಯಾಸಿಯಂ ಚಾನೆಲ್‌ಗಳು ತೆರೆಯುವಂತೆ ಮಾಡುತ್ತದೆ. ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಗೆರೆ ಮೊದಲಿನ ಮಟ್ಟಕ್ಕಿಂತಲೂ ಕೆಳಗೆ ಜಾರುತ್ತದೆ, ಅಲ್ಲಿಂದ ತೆವಳಿಕೊಂಡು ಮೇಲೆ ಬರಲು ಹತ್ತಾರು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪಕ್ಕದವರು ಎಬ್ಬಿಸಿದರೂ ಆ ಕೋಶ ಏಳುವುದು ಕಷ್ಟ.

ಮಲೆನಾಡಿನ ಬ್ಯಾಣಕ್ಕೆ ಬೆಂಕಿ ಬಿದ್ದಂತೆ ಇದು. ಸುಟ್ಟ ಜಾಗದಲ್ಲಿ ಹುಲ್ಲು ಮತ್ತೆ ಚಿಗುರಿ ಒಣಗುವವರೆಗೆ ಬೆಂಕಿ ಅಲ್ಲಿಗೆ ಬಂದು ಆರಿಹೋಗುತ್ತದೆ. ವಿಡಿಯೊದಲ್ಲಿ ಅಲೆ ನಿಂತದ್ದೂ ಹೀಗೆಯೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಇಲ್ಲಿ ಮುಖ್ಯಸ್ಥ ಕೋಶ ಎಂಬುದಿಲ್ಲ. ಯಾವ ಕೋಶ ಯಾವಾಗ ಮೊದಲು ಸಿಡಿಯುತ್ತದೆ ಎಂಬುದು ಆಕಸ್ಮಿಕ. ಹಾಗಿದ್ದೂ ಅಲೆಯ ಅಂಚು, ಅಳತೆ, ಎರಡು ಅಲೆಗಳ ನಡುವಿನ ಬಿಡುವು ಒಂದು ಮಿತಿಯಲ್ಲೇ ಇರುತ್ತವೆ. ಆ ಮಿತಿಯನ್ನು ಹಾಕಿಕೊಡುವುದು ಬಹುಮಟ್ಟಿಗೆ ಒಂದು ಪೊಟ್ಯಾಸಿಯಂ ಸೋರಿಕೆ. ನಾನು ಇಷ್ಟು ದಿನ ಮಿಡಿತವನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಈಗ ಮಿಡಿತದ ನಂತರದ ಸುಸ್ತೇ ಹೆಚ್ಚು ಮುಖ್ಯವಾಗಿ ಕಾಣುತ್ತಿದೆ.

ಆ ಸುಸ್ತಿನಲ್ಲಿ ಟ್ರೆಕ್-1 ಎಂಬ ಚಾನೆಲ್‌ಗೂ ಪಾತ್ರವಿದೆ ಎಂದು ಫೆಲ್ಲರ್ ತಂಡ 2013ರಲ್ಲಿ ಬರೆದಿದೆ. ಕೋಶದ ಪೊರೆಯನ್ನು ಎಳೆದರೆ, ಕೆಲವು ಅರಿವಳಿಕೆ ಅನಿಲಗಳು ತಾಗಿದರೆ ಹೆಚ್ಚು ತೆರೆದುಕೊಳ್ಳುವ ಚಾನೆಲ್ ಇದು. ಶಸ್ತ್ರಚಿಕಿತ್ಸೆಯ ಮೇಜಿಗೂ ಇಲಿಮರಿಯ ಮುಚ್ಚಿದ ಕಣ್ಣಿಗೂ ಒಂದೇ ಪ್ರೋಟೀನು ನಂಟು ಕಟ್ಟಿರುವುದನ್ನು ಓದಿ ಪುಟದ ಅಂಚಿನಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

*

ಅಲೆಯ ಹಠವೂ ಸಾಮಾನ್ಯವಲ್ಲ. ಹುಟ್ಟುವ ಮೊದಲು ಕೋಶಗಳು ಒಂದಕ್ಕೊಂದು ನೇರ ಕಿಂಡಿಗಳಿಂದ ಅಲೆ ದಾಟಿಸುತ್ತವೆ. ಹುಟ್ಟಿದ ಮೇಲೆ ಅಸಿಟೈಲ್‌ಕೋಲಿನ್. ಕಣ್ಣು ಬಿಡುವ ಮುಂಚಿನ ಕೆಲವು ದಿನ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕ. ಅಸಿಟೈಲ್‌ಕೋಲಿನ್ ಹಿಡಿಯುವ ಚಾನೆಲ್‌ನ ಒಂದು ಭಾಗವೇ ಇಲ್ಲದ ಇಲಿಗಳನ್ನು ತಳಿಶಾಸ್ತ್ರಜ್ಞರು ಮಾಡಿದರೆ ಅಲ್ಲಿ ಕಿಂಡಿಗಳ ಮೂಲಕವೇ ಬೇರೊಂದು ರೀತಿಯ ಅಲೆ ಎದ್ದುಕೊಂಡಿತು. ಆದರೆ ನಕ್ಷೆ ಸರಿಹೋಗಲಿಲ್ಲ, ಎರಡು ಕಣ್ಣುಗಳ ತಂತುಗಳು ಕಲಸಿಕೊಂಡವು. ಇದರ ಮೇಲೆ ದೊಡ್ಡ ವಾದವೇ ನಡೆದಿದೆ. ಅಲೆಯ ಆಕಾರವೇ ಪಾಠ ಹೇಳುತ್ತದೆ ಎಂದು ಒಂದು ಪಕ್ಷ, ಮಿಡಿತ ಇದ್ದರೆ ಸಾಕು, ಉಳಿದದ್ದನ್ನು ರಾಸಾಯನಿಕ ಗುರುತುಗಳು ನೋಡಿಕೊಳ್ಳುತ್ತವೆ ಎಂದು ಇನ್ನೊಂದು. ನಾನು ಮೊದಲಿನ ಪಕ್ಷ. ಮಿಡಿತವಿದ್ದೂ ನಕ್ಷೆ ಕೆಟ್ಟಿದೆಯೆಂದರೆ ಆಕಾರಕ್ಕೆ ಬೆಲೆಯಿದೆ ಎಂದೇ ತೋರುತ್ತದೆ.

ಬಿಡಿಸಿಟ್ಟ ಅಕ್ಷಿಪಟಲದಲ್ಲಿ ಕಂಡದ್ದು ಜೀವಂತ ಮರಿಯಲ್ಲೂ ಇದೆಯೇ ಎಂಬ ಅನುಮಾನ 2012ರಲ್ಲಿ ತೀರಿತು: ಯೇಲ್‌ನ ಮೈಕೆಲ್ ಕ್ರೇರ್ ತಂಡ ನವಜಾತ ಇಲಿಗಳ ಮಿದುಳಿಗೆ ಅಲೆ ಹಾಗೇ ತಲುಪುವುದನ್ನು ಕಣ್ಣಾರೆ ಕಂಡಿತು.

*

ಮನುಷ್ಯರ ವಿಷಯ. ಮಕಾಕ್ ಕೋತಿಯ ಭ್ರೂಣದ ಅಕ್ಷಿಪಟಲದಲ್ಲಿ ಅಲೆಗಳು ದಾಖಲಾಗಿವೆ. ಅದರಲ್ಲಿ ಎರಡು ಕಣ್ಣುಗಳ ವಿಂಗಡಣೆ ಹುಟ್ಟುವ ಮೊದಲೇ ಮುಗಿಯುತ್ತದೆ. ನಮ್ಮ ಭ್ರೂಣದ ರೆಪ್ಪೆ ಬಿಚ್ಚುವುದು 26ನೇ ವಾರದ ಆಸುಪಾಸಿನಲ್ಲಿ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಬೆಳಕು ಮಿನುಗಿಸಿದರೆ ಮಿದುಳಿನ ಹಿಂಭಾಗದಲ್ಲಿ ದೊಡ್ಡದಾದ, ದೀರ್ಘವಾದ ಅಲೆ ಏಳುತ್ತದೆ, ತಿಂಗಳು ತುಂಬುತ್ತಾ ಬಂದ ಹಾಗೆ ಅದು ಹೋಗಿಬಿಡುತ್ತದೆ. ಇಲಿಯಲ್ಲಿ ಅದೇ ಬದಲಾವಣೆ ಕಣ್ಣು ಬಿಡುವುದಕ್ಕೆ ತುಸು ಮೊದಲು. ಇನ್‌ಕ್ಯುಬೇಟರಿನ ಮೇಲೆ ಬೆಳಕು ತಾಗದಂತೆ ಬಟ್ಟೆ ಹೊದಿಸುವ ದಾದಿಯರ ಪದ್ಧತಿಯನ್ನು ಈಗ ನಾನು ಇನ್ನಷ್ಟು ಗೌರವದಿಂದ ನೋಡುತ್ತೇನೆ.

*

ಕೊನೆಯದಾಗಿ ಬರೆದುಕೊಂಡದ್ದು. ಕಣ್ಣು ತೆರೆಯುವ ಹೊತ್ತಿಗೆ ಸ್ಟಾರ್‌ಬರ್ಸ್ಟ್ ಕೋಶ ತಾನಾಗಿ ಸಿಡಿಯುವುದನ್ನು ಬಿಡುತ್ತದೆ. ಆದರೆ ಸಾಯುವುದಿಲ್ಲ. ಬೆಳೆದ ಕಣ್ಣಿನಲ್ಲಿ ವಸ್ತು ಯಾವ ದಿಕ್ಕಿಗೆ ಚಲಿಸುತ್ತಿದೆ ಎಂದು ಲೆಕ್ಕ ಹಾಕುವ ಜಾಲದ ನಡುಗಂಬ ಅದೇ. 2021ರಲ್ಲಿ ಕ್ರೇರ್ ತಂಡ ಇನ್ನೊಂದು ಸಂಗತಿ ಹೊರತಂದಿತು: ಕಣ್ಣು ಬಿಡುವುದಕ್ಕೆ ಕೆಲವೇ ದಿನ ಮುಂಚೆ ಇಲಿಮರಿಯ ಅಲೆಗಳು ಒಂದೇ ದಿಕ್ಕಿಗೆ ಹೆಚ್ಚು ಸಾಗುತ್ತವೆ. ಮರಿ ಮುಂದೊಂದು ದಿನ ನೇರ ನಡೆದಾಗ ಎದುರಿನ ದೃಶ್ಯ ಅಕ್ಷಿಪಟಲದ ಮೇಲೆ ಸರಿಯುವ ದಿಕ್ಕೇ ಅದು. ಆ ಅಲೆಗಳನ್ನು ಕೆಡಿಸಿದ ಮರಿಗಳಲ್ಲಿ ದಿಕ್ಕು ಗುರುತಿಸುವ ಮಿದುಳಿನ ಕೋಶಗಳು ಸರಿಯಾಗಿ ಬಲಿಯಲಿಲ್ಲ.

ಹಾಗಾದರೆ ಆ ಕೆಲವು ದಿನಗಳಲ್ಲಿ ಒಂದೇ ಕೋಶ ಎರಡು ಕೆಲಸ ಮಾಡುತ್ತಿದೆ, ಹಳೆಯದನ್ನು ಬಿಡುತ್ತಾ ಹೊಸದಕ್ಕೆ ತಾನೇ ತಾಲೀಮು ಕೊಡುತ್ತಾ. ಮೊದಲು ಬದಲಾಗುವುದು ಅದರ ಕೊಂಬೆಗಳ ಜೋಡಣೆಯೋ, ಪೊಟ್ಯಾಸಿಯಂ ಚಾನೆಲ್‌ಗಳ ಸಂಖ್ಯೆಯೋ? ಮುಂದೆ ಓದಬೇಕಾದ ಲೇಖನಗಳ ಪಟ್ಟಿಯ ತಲೆಯಲ್ಲಿ ಈ ಪ್ರಶ್ನೆಯನ್ನೇ ಬರೆದಿದ್ದೇನೆ.